ಆಮ್ಲದಲ್ಲಿ ಉಕ್ಕಿನ ಸಂಕ್ಷಾರಣ ತಡೆಯುವ ಸಾವಯವ ಸಂಯುಕ್ತಗಳು: ಹುಬ್ಬಳ್ಳಿ-ಧಾರವಾಡದ ಸಣ್ಣ ಕೈಗಾರಿಕಾ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಉಕ್ಕಿನ ಕೆಲಸಕ್ಕೆ ದೀರ್ಘ ಪರಂಪರೆಯಿದೆ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರವು 19ನೆಯ ಶತಮಾನದಿಂದ ನಡೆದುಬಂದಿದೆ. ಗೋಕುಲ ರಸ್ತೆ, ತಾರಿಹಾಳ, ರಾಯಾಪುರ, ಲಕಮನಹಳ್ಳಿ ಹಾಗೂ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಕವಾಟ, ವಾಹನದ ಬಿಡಿಭಾಗ ಮತ್ತು ಫ್ಯಾಬ್ರಿಕೇಷನ್ ಕೆಲಸಗಳು ನಡೆಯುತ್ತವೆ. ಇಂತಹ ಉದ್ಯಮಗಳಲ್ಲಿ ಉಕ್ಕಿಗೆ ಸತುವಿನ ಲೇಪ, ವಿದ್ಯುಲ್ಲೇಪನ ಅಥವಾ ಬಣ್ಣ ಕೊಡುವ ಮೊದಲು ಅದರ ಮೇಲಿನ ತುಕ್ಕನ್ನೂ ಸ್ಕೇಲ್ ಎಂದು ಕರೆಯಲಾಗುವ ಕಪ್ಪು ಪೊರೆಯನ್ನೂ ತೆಗೆಯಲು ಆಮ್ಲವನ್ನು ಬಳಸಲಾಗುತ್ತದೆ. ಈ ಕ್ರಿಯೆಗೆ ಪಿಕ್ಲಿಂಗ್ ಎಂದು ಹೆಸರು. ಬಾಯ್ಲರ್ ಮತ್ತು ಶಾಖ ವಿನಿಮಯ ಕೊಳವೆಗಳಲ್ಲಿ ಕಟ್ಟಿದ ಸುಣ್ಣದ ಪದರವನ್ನು ಕರಗಿಸಲು ಸಹ ಆಮ್ಲವೇ ಬೇಕಾಗುತ್ತದೆ.

ಆಮ್ಲವು ತುಕ್ಕನ್ನು ಕರಗಿಸಿದಂತೆ ಉಕ್ಕನ್ನೂ ಕರಗಿಸುತ್ತದೆ. ಇದನ್ನು ತಡೆಯಲು ಆಮ್ಲಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುವ ಸಾವಯವ ಸಂಯುಕ್ತಗಳಿಗೆ ಸಂಕ್ಷಾರಣ ನಿರೋಧಕಗಳು ಎನ್ನಲಾಗುತ್ತದೆ. ಮಾರುಕಟ್ಟೆಯಲ್ಲಿ ಇವು ಇನ್ಹಿಬಿಟರ್ ಎಂಬ ಹೆಸರಿನಲ್ಲಿ ದೊರೆಯುತ್ತವೆ. ಆಮ್ಲ ಬಳಸುವ ಘಟಕವನ್ನು ಸ್ಥಾಪಿಸಲು ಅಥವಾ ವಿಸ್ತರಿಸಲು ಸಮ್ಮತಿ ಕೋರುವ ಅರ್ಜಿದಾರರಿಗೆ ಈ ನಿರೋಧಕಗಳ ಕಾರ್ಯವಿಧಾನ, ಆಯ್ಕೆ, ಪರೀಕ್ಷೆ ಮತ್ತು ಬಾಧ್ಯತೆಗಳನ್ನು ತಿಳಿಸುವುದು ಈ ಮಾಹಿತಿಯ ಉದ್ದೇಶ. ಸರಿಯಾದ ನಿರೋಧಕವು ಉಕ್ಕು, ಆಮ್ಲ ಮತ್ತು ಕಾರ್ಮಿಕರ ಆರೋಗ್ಯ ಮೂರನ್ನೂ ಉಳಿಸುತ್ತದೆ. ಆದರೆ ಬಳಸಿ ಉಳಿದ ಆಮ್ಲದ ಹೊಣೆಯಿಂದ ಅದು ಯಾರನ್ನೂ ಮುಕ್ತಗೊಳಿಸುವುದಿಲ್ಲ.

2. ಆಮ್ಲದಲ್ಲಿ ಉಕ್ಕು ಏಕೆ ಕರಗುತ್ತದೆ

ಉಕ್ಕನ್ನು ಆಮ್ಲದಲ್ಲಿ ಮುಳುಗಿಸಿದಾಗ ಅದರ ಮೇಲ್ಮೈಯ ಕೆಲವು ತಾಣಗಳಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ದ್ರಾವಣಕ್ಕೆ ಇಳಿಯುತ್ತವೆ. ಬೇರೆ ತಾಣಗಳಲ್ಲಿ ಆಮ್ಲದ ಜಲಜನಕ ಅಯಾನುಗಳು ಆ ಎಲೆಕ್ಟ್ರಾನುಗಳನ್ನು ಪಡೆದು ಜಲಜನಕ ಅನಿಲವಾಗುತ್ತವೆ. ಈ ಎರಡು ಕ್ರಿಯೆಗಳು ಏಕಕಾಲದಲ್ಲಿ ನಡೆಯುತ್ತವೆ. ತೊಟ್ಟಿಯಲ್ಲಿ ಏಳುವ ಗುಳ್ಳೆಗಳಲ್ಲಿರುವುದು ಹೀಗೆ ಉತ್ಪತ್ತಿಯಾದ ಜಲಜನಕ.

ನಷ್ಟದ ಲೆಕ್ಕ ಸರಳವಾಗಿದೆ. 1 ಕಿಲೋಗ್ರಾಂ ಕಬ್ಬಿಣ ಕರಗಿದರೆ ಸುಮಾರು 1.3 ಕಿಲೋಗ್ರಾಂ ಶುದ್ಧ ಹೈಡ್ರೋಕ್ಲೋರಿಕ್ ಆಮ್ಲ ವ್ಯಯವಾಗುತ್ತದೆ. ಶೇಕಡಾ 30ರ ಆಮ್ಲವಾದರೆ ಇದು 4 ಕಿಲೋಗ್ರಾಂಗೂ ಹೆಚ್ಚು. ಜೊತೆಗೆ ಸುಮಾರು 400 ಲೀಟರ್ ಜಲಜನಕ ಬಿಡುಗಡೆಯಾಗುತ್ತದೆ. ಉದಾಹರಣೆಗೆ, 6 ಮಿಲಿಮೀಟರ್ ವ್ಯಾಸದ 1 ಟನ್ ಉಕ್ಕಿನ ಸರಳುಗಳನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಆಮ್ಲದಲ್ಲಿ ಬಿಟ್ಟು ಮೇಲ್ಮೈಯಿಂದ ಕೇವಲ 0.01 ಮಿಲಿಮೀಟರ್ ಲೋಹ ಸವೆದರೂ ಸುಮಾರು 6.7 ಕಿಲೋಗ್ರಾಂ ಕಬ್ಬಿಣ ಕರಗಿಹೋಗುತ್ತದೆ. ಅದಕ್ಕೆ ಶೇಕಡಾ 30ರ ಆಮ್ಲ ಸುಮಾರು 29 ಕಿಲೋಗ್ರಾಂ ಖರ್ಚಾಗುತ್ತದೆ ಮತ್ತು ಸುಮಾರು 2,700 ಲೀಟರ್ ಜಲಜನಕ ಹೊರಬರುತ್ತದೆ. ಶೇಕಡಾ 90ರಷ್ಟು ದಕ್ಷತೆಯುಳ್ಳ ನಿರೋಧಕವಿದ್ದಲ್ಲಿ ಇದೇ ಅವಧಿಯಲ್ಲಿ ಕರಗುವ ಕಬ್ಬಿಣ 0.7 ಕಿಲೋಗ್ರಾಂಗಿಂತ ಕಡಿಮೆ.

ನಷ್ಟವು ಹಣದ್ದು ಮಾತ್ರವಲ್ಲ. ಒಡೆಯುವ ಪ್ರತಿ ಗುಳ್ಳೆಯೂ ಆಮ್ಲದ ಸೂಕ್ಷ್ಮ ಹನಿಗಳನ್ನು ಗಾಳಿಗೆ ಚಿಮ್ಮಿಸುತ್ತದೆ. ತೊಟ್ಟಿಯ ಬಳಿ ದಿನವಿಡೀ ನಿಲ್ಲುವ ಕಾರ್ಮಿಕನ ಕಣ್ಣು, ಹಲ್ಲು ಮತ್ತು ಶ್ವಾಸನಾಳಗಳಿಗೆ ಹಾನಿ ಮಾಡುವುದು ಈ ಆಮ್ಲದ ಮಂಜು ಹಾಗೂ ಹಬೆ. ಗುಳ್ಳೆಗಳು ಕಡಿಮೆಯಾದಂತೆ ಮಂಜೂ ಕಡಿಮೆಯಾಗುತ್ತದೆ.

3. ಸಾವಯವ ನಿರೋಧಕ ಹೇಗೆ ಕೆಲಸ ಮಾಡುತ್ತದೆ

ನಿರೋಧಕದ ಅಣುಗಳಲ್ಲಿ ಸಾಮಾನ್ಯವಾಗಿ ಸಾರಜನಕ, ಗಂಧಕ ಅಥವಾ ಆಮ್ಲಜನಕದ ಪರಮಾಣುಗಳಿರುತ್ತವೆ. ಹಲವು ಅಣುಗಳಲ್ಲಿ ಬೆನ್ಜೀನ್ ಮಾದರಿಯ ಉಂಗುರಗಳೂ ಇರುತ್ತವೆ. ಈ ಭಾಗಗಳಲ್ಲಿರುವ ಎಲೆಕ್ಟ್ರಾನು ಜೋಡಿಗಳ ಮೂಲಕ ಅಣುವು ಕಬ್ಬಿಣದ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಅಣುವಿನ ಉಳಿದ ಭಾಗವು ಆಮ್ಲಕ್ಕೂ ಲೋಹಕ್ಕೂ ನಡುವೆ ಮರೆಯಾಗಿ ನಿಲ್ಲುತ್ತದೆ. ಈ ಪದರ ಅಣುಗಾತ್ರದಷ್ಟು ತೆಳುವಾದುದರಿಂದ ಅಲ್ಪ ಪ್ರಮಾಣದ ನಿರೋಧಕವೇ ಸಾಕಾಗುತ್ತದೆ. ಸಾಮಾನ್ಯವಾಗಿ ದ್ರಾವಣದ ಶೇಕಡಾ 0.1 ರಿಂದ 1ರಷ್ಟನ್ನು ಬಳಸುತ್ತಾರೆ, ಶೇಕಡಾ 0.2 ಎಂದರೆ 1,000 ಲೀಟರ್ ತೊಟ್ಟಿಗೆ 2 ಲೀಟರ್.

ಪಿಕ್ಲಿಂಗ್‌ನಲ್ಲಿ ನಿರೋಧಕವು ಪ್ರಯೋಜನಕ್ಕೆ ಬರುವುದು ಅದರ ಆಯ್ದ ವರ್ತನೆಯಿಂದ. ಅದು ಮುಖ್ಯವಾಗಿ ಬರಿಯ ಲೋಹಕ್ಕೆ ಅಂಟುತ್ತದೆ. ಆಕ್ಸೈಡ್ ಪೊರೆಯ ಕರಗುವಿಕೆಗೆ ಹೆಚ್ಚು ಅಡ್ಡಿ ಮಾಡುವುದಿಲ್ಲ. ಹೀಗಾಗಿ ಸ್ಕೇಲ್ ಹೋದಲ್ಲೆಲ್ಲ ಹೊರಬಂದ ಉಕ್ಕು ರಕ್ಷಣೆ ಪಡೆಯುತ್ತದೆ, ಸ್ಕೇಲ್ ಇನ್ನೂ ಉಳಿದಲ್ಲಿ ಆಮ್ಲವು ತನ್ನ ಕೆಲಸ ಮುಂದುವರಿಸುತ್ತದೆ.

ಒಂದು ಆಮ್ಲಕ್ಕೆ ಹೊಂದುವ ನಿರೋಧಕ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕ್ಲೋರೈಡ್ ಅಯಾನುಗಳು ಮೊದಲು ಉಕ್ಕಿಗೆ ಅಂಟಿ, ಧನ ವಿದ್ಯುದಂಶವುಳ್ಳ ಅಮೈನ್ ಅಣುಗಳನ್ನು ತಮ್ಮತ್ತ ಸೆಳೆಯುತ್ತವೆ. ಸಲ್ಫ್ಯೂರಿಕ್ ಆಮ್ಲದಲ್ಲಿ ಈ ನೆರವು ಅಷ್ಟಾಗಿ ದೊರೆಯುವುದಿಲ್ಲ. ಇದಲ್ಲದೆ ಸಲ್ಫ್ಯೂರಿಕ್ ಆಮ್ಲದ ಪಿಕ್ಲಿಂಗ್ ಸಾಮಾನ್ಯವಾಗಿ 60 ರಿಂದ 80 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ನಡೆಯುತ್ತದೆ. ದುರ್ಬಲವಾಗಿ ಅಂಟಿದ ಅಣುಗಳು ತಾಪ ಏರಿದಂತೆ ಲೋಹವನ್ನು ಬಿಟ್ಟುಹೋಗುತ್ತವೆ. ಆದುದರಿಂದ ಸಾಮಾನ್ಯ ತಾಪದಲ್ಲಿ ಉತ್ತಮವೆನಿಸಿದ ನಿರೋಧಕವು ಬಿಸಿ ತೊಟ್ಟಿಯಲ್ಲಿ ವಿಫಲವಾಗಬಹುದು.

4. ಸಂಶೋಧನೆಯ ಹಿನ್ನೆಲೆ

ಈ ಜ್ಞಾನ ಹೊಸದಲ್ಲ. 1872ರಲ್ಲಿ ಇಟಲಿಯ ಮರಂಗೋನಿ ಮತ್ತು ಸ್ಟೆಫನೆಲ್ಲಿ ಅವರು ಅಂಟು, ಜೆಲಟಿನ್ ಮತ್ತು ತೌಡಿನ ಸಾರಗಳು ಆಮ್ಲದಲ್ಲಿ ಕಬ್ಬಿಣದ ಸವೆತವನ್ನು ತಡೆಯುವುದನ್ನು ವರದಿ ಮಾಡಿದರು. 1932ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ತೈಲಬಾವಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಯಿಸಿದಾಗ ಉಕ್ಕಿನ ಕೊಳವೆಗಳ ರಕ್ಷಣೆಗೆ ಆರ್ಸೆನಿಕ್ ಸಂಯುಕ್ತವನ್ನು ಬಳಸಲಾಗಿತ್ತು. ಆರ್ಸೆನಿಕ್ ವಿಷಕಾರಿ, ಆಮ್ಲ ಮತ್ತು ಲೋಹದ ನಡುವೆ ಹುಟ್ಟುವ ಜಲಜನಕದೊಡನೆ ಸೇರಿ ಅದು ಆರ್ಸೀನ್ ಎಂಬ ಮಾರಕ ಅನಿಲವಾಗಬಲ್ಲದು. ಸಾವಯವ ಸಂಯುಕ್ತಗಳು ಮುನ್ನೆಲೆಗೆ ಬರಲು ಇಂತಹ ಅಪಾಯಗಳೂ ಕಾರಣ.

ಭಾರತದಲ್ಲಿ ಈ ಕ್ಷೇತ್ರದ ಪ್ರಮುಖ ಸಂಸ್ಥೆ ತಮಿಳುನಾಡಿನ ಕಾರೈಕುಡಿಯಲ್ಲಿ 1953ರಲ್ಲಿ ಉದ್ಘಾಟನೆಗೊಂಡ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆ. ಕರ್ನಾಟಕದಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಮಂಗಳೂರು ವಿಶ್ವವಿದ್ಯಾಲಯ ಮತ್ತು ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ ಲೋಹಗಳ ಸಂಕ್ಷಾರಣದ ಕುರಿತು ಸಂಶೋಧನೆ ನಡೆದಿದೆ. ಮಲೆನಾಡು ಮತ್ತು ಕರಾವಳಿಯ ಬೆಳೆಯಾದ ಅಡಿಕೆಯ ಸಾರವನ್ನೂ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಲೋಹರಕ್ಷಣೆಗಾಗಿ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಲಾಗಿದೆ. ಹುಬ್ಬಳ್ಳಿ ವಿದ್ಯಾನಗರದ ಕೆ.ಎಲ್.ಇ. ಸಂಸ್ಥೆಯ ಪಿ.ಸಿ. ಜಾಬಿನ್ ವಿಜ್ಞಾನ ಮಹಾವಿದ್ಯಾಲಯದಿಂದಲೂ ಇಂತಹ ನಿರೋಧಕಗಳ ಬಗ್ಗೆ ಸಂಶೋಧನ ಲೇಖನಗಳು ಪ್ರಕಟವಾಗಿವೆ. ರಾಸಾಯನಿಕ ವಿಶ್ಲೇಷಣೆಗೆ ಬೇಕಾಗುವ ಉನ್ನತ ಉಪಕರಣಗಳ ಸೌಲಭ್ಯ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದೆ. ಉದ್ಯಮಿಗಳು ನಿರೋಧಕದ ಬಗ್ಗೆ ಸಲಹೆ ಮತ್ತು ಪರೀಕ್ಷೆಗಾಗಿ ಸ್ಥಳೀಯ ಶಿಕ್ಷಣ ಸಂಸ್ಥೆಗಳನ್ನು ಸಂಪರ್ಕಿಸುವುದು ಸೂಕ್ತ.

5. ಪ್ರಮುಖ ಸಂಯುಕ್ತಗಳು ಮತ್ತು ಅವುಗಳ ಮಿತಿಗಳು

ಅ) ಹೆಕ್ಸಮೀನ್: ಯೂರೋಟ್ರೋಪಿನ್ ಎಂಬ ಹೆಸರೂ ಇದಕ್ಕಿದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿದೆ. ಆಮ್ಲದಲ್ಲಿ, ವಿಶೇಷವಾಗಿ ಬಿಸಿಯಿದ್ದಾಗ, ನಿಧಾನವಾಗಿ ವಿಭಜನೆಗೊಂಡು ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುತ್ತದೆ.

ಆ) ಥಯೋಯೂರಿಯಾ ಮತ್ತು ಅದರ ಉತ್ಪನ್ನಗಳು: ಇವುಗಳಲ್ಲಿ ಗಂಧಕ ಮತ್ತು ಸಾರಜನಕ ಎರಡೂ ಇವೆ. ಅಲ್ಪ ಪ್ರಮಾಣದಲ್ಲಿ ಥಯೋಯೂರಿಯಾ ಸವೆತವನ್ನು ತಡೆಯುತ್ತದೆ. ಪ್ರಮಾಣ ಮೀರಿದರೆ ಸವೆತವನ್ನು ಹೆಚ್ಚಿಸಲೂಬಹುದು. ಆಮ್ಲದಲ್ಲಿ ಒಡೆದಾಗ ಹೈಡ್ರೋಜನ್ ಸಲ್ಫೈಡ್ ಉಂಟಾಗಿ, ಉಕ್ಕಿನೊಳಕ್ಕೆ ಜಲಜನಕ ಸೇರುವುದಕ್ಕೆ ದಾರಿ ಮಾಡಿಕೊಡಬಲ್ಲದು. ಇದು ಕ್ಯಾನ್ಸರ್‌ಕಾರಕವೆಂಬ ಶಂಕೆಯೂ ಇದೆ.

ಇ) ಪ್ರೊಪಾರ್ಜಿಲ್ ಆಲ್ಕೋಹಾಲ್: ಹೆಚ್ಚಿನ ತಾಪದಲ್ಲಿಯೂ ಪರಿಣಾಮಕಾರಿ. ಆದರೆ ಅದು ವಿಷಕಾರಿ. ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ.

ಈ) ಕ್ವಿನೋಲಿನ್, ಇಮಿಡಜೋಲಿನ್ ಮತ್ತು ಇತರ ಅಮೈನ್ ಸಂಯುಕ್ತಗಳು: ಮಾರುಕಟ್ಟೆಯ ಹಲವು ಮಿಶ್ರಣಗಳಲ್ಲಿರುವುದು ಇವೇ. ಮಿಶ್ರಣದ ಘಟಕಗಳು ಡಬ್ಬಿಯ ಮೇಲೆ ಕಾಣದಿದ್ದಲ್ಲಿ ಮಾರಾಟಗಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯತಕ್ಕದ್ದು.

ಉ) ಸಸ್ಯಸಾರಗಳು: ಟ್ಯಾನಿನ್, ಆಲ್ಕಲಾಯ್ಡ್ ಮೊದಲಾದ ಅಂಶಗಳಿಂದ ಇವು ರಕ್ಷಣೆ ನೀಡುತ್ತವೆ. ಬೆಳೆ, ಋತು ಮತ್ತು ಸಾರ ತೆಗೆಯುವ ವಿಧಾನಗಳನ್ನು ಅವಲಂಬಿಸಿ ಗುಣಮಟ್ಟ ಬದಲಾಗುತ್ತದೆ. ಸಂಗ್ರಹದಲ್ಲಿ ಕೆಡುವ ಸಂಭವವೂ ಇದೆ. ಪ್ರಯೋಗಾಲಯದ ಸಣ್ಣ ಪಾತ್ರೆಯಲ್ಲಿ ದೊರೆತ ಫಲಿತಾಂಶವನ್ನು ತೊಟ್ಟಿಯಲ್ಲಿ ದೃಢಪಡಿಸಿಕೊಳ್ಳದೆ ಅವಲಂಬಿಸಬಾರದು.

ವಿಶೇಷ ಗಮನಕ್ಕೆ: ರಸಾಯನಶಾಸ್ತ್ರದಲ್ಲಿ ಸಾವಯವ ಎಂದರೆ ಇಂಗಾಲದ ಸಂಯುಕ್ತ ಎಂದು ಅರ್ಥ. ಸಾವಯವ ಕೃಷಿ ಎಂಬಲ್ಲಿನ ಅರ್ಥಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾವಯವ ನಿರೋಧಕ ಎಂದ ಮಾತ್ರಕ್ಕೆ ಅದು ನಿರುಪದ್ರವಿ ಎಂದು ಭಾವಿಸಿ ಬರಿಗೈಯಲ್ಲಿ ಅಳೆಯುವುದು, ಖಾಲಿ ಡಬ್ಬಿಯನ್ನು ಮನೆಬಳಕೆಗೆ ಕೊಡುವುದು ಅಪಾಯಕಾರಿ.

6. ಘಟಕದಲ್ಲಿಯೇ ಮಾಡಬಹುದಾದ ಪರೀಕ್ಷೆ

ನಿರೋಧಕವನ್ನು ಖರೀದಿಸುವ ಮೊದಲು ತೂಕನಷ್ಟ ಪರೀಕ್ಷೆಯನ್ನು ನಡೆಸುವುದು. ಇದಕ್ಕೆ ಮಿಲಿಗ್ರಾಂ ಅಳೆಯುವ ತಕ್ಕಡಿ ಮತ್ತು ಘಟಕದಲ್ಲಿ ಬಳಸುವ ಉಕ್ಕಿನದೇ ಸಣ್ಣ ತುಂಡುಗಳು ಸಾಕು.

1) ಸಮಾನ ಅಳತೆಯ ಉಕ್ಕಿನ ತುಂಡುಗಳನ್ನು ಉಜ್ಜಿ, ತೊಳೆದು, ಒಣಗಿಸಿ ತೂಗುವುದು.
2) ಒಂದನ್ನು ನಿರೋಧಕವಿಲ್ಲದ ಆಮ್ಲದಲ್ಲಿ, ಇನ್ನೊಂದನ್ನು ನಿರೋಧಕವಿರುವ ಅದೇ ಆಮ್ಲದಲ್ಲಿ, ತೊಟ್ಟಿಯ ವಾಸ್ತವಿಕ ತಾಪದಲ್ಲಿ ಒಂದೇ ಅವಧಿಯವರೆಗೆ ಇಡುವುದು.
3) ಹೊರತೆಗೆದು, ತೊಳೆದು, ಒಣಗಿಸಿ ಮತ್ತೆ ತೂಗುವುದು.
4) ಎರಡು ತೂಕನಷ್ಟಗಳ ವ್ಯತ್ಯಾಸವನ್ನು ನಿರೋಧಕವಿಲ್ಲದಾಗಿನ ನಷ್ಟದಿಂದ ಭಾಗಿಸಿ 100ರಿಂದ ಗುಣಿಸಿದರೆ ನಿರೋಧ ದಕ್ಷತೆ ದೊರೆಯುತ್ತದೆ.

ಉದಾಹರಣೆ: 20 ಚದರ ಸೆಂಟಿಮೀಟರ್ ಮೇಲ್ಮೈಯ ತುಂಡು 6 ಗಂಟೆಗಳಲ್ಲಿ ನಿರೋಧಕವಿಲ್ಲದೆ 200 ಮಿಲಿಗ್ರಾಂ, ನಿರೋಧಕದೊಡನೆ 20 ಮಿಲಿಗ್ರಾಂ ಕಳೆದುಕೊಂಡರೆ ದಕ್ಷತೆ ಶೇಕಡಾ 90. ವರ್ಷದ ಲೆಕ್ಕದಲ್ಲಿ ಸವೆತದ ದರವು ಸುಮಾರು 18.6 ಮಿಲಿಮೀಟರ್‌ನಿಂದ 1.9 ಮಿಲಿಮೀಟರ್‌ಗೆ ಇಳಿದಂತಾಗುತ್ತದೆ.

ಮೂರು ಬೇರೆ ಬೇರೆ ಪ್ರಮಾಣಗಳಲ್ಲಿ ಪರೀಕ್ಷೆ ನಡೆಸಿದಲ್ಲಿ ಯಾವ ಪ್ರಮಾಣದ ನಂತರ ಹೆಚ್ಚುವರಿ ಲಾಭವಿಲ್ಲ ಎಂಬುದು ತಿಳಿಯುತ್ತದೆ. ತುಕ್ಕು ಹಿಡಿದ ಒಂದು ತುಂಡನ್ನೂ ಪರೀಕ್ಷಿಸಿ, ಸ್ಕೇಲ್ ಹೋಗಲು ತಗಲುವ ಸಮಯ ಅತಿಯಾಗಿ ಹೆಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳುವುದು.

ತೂಕನಷ್ಟ ಪರೀಕ್ಷೆಯಿಂದ ಜಲಜನಕ ಭಂಗುರತೆ ಗೊತ್ತಾಗುವುದಿಲ್ಲ. ಜಲಜನಕದ ಪರಮಾಣುಗಳು ಉಕ್ಕಿನೊಳಗೆ ಸೇರಿದರೆ ಗಟ್ಟಿ ಉಕ್ಕಿನ ಸ್ಪ್ರಿಂಗ್ ಮತ್ತು ಬೋಲ್ಟ್‌ಗಳು ಹೊರೆ ಬಿದ್ದಾಗ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಇಂತಹ ಬಿಡಿಭಾಗಗಳಿಗೆ ನಿರೋಧಕವನ್ನು ಆರಿಸುವಾಗ ತಜ್ಞರ ಸಲಹೆ ಪಡೆಯುವುದು ಅವಶ್ಯಕ.

7. ಬಳಸಿದ ಆಮ್ಲ ಮತ್ತು ಅವಳಿ ನಗರದ ನೀರು

ಅವಳಿ ನಗರವು ನೀರು ಎರಡು ದಿಕ್ಕಿಗೆ ಹರಿಯುವ ಎತ್ತರದ ನೆಲದ ಮೇಲಿದೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿಯನ್ನು ಸೇರಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಕಡೆಯ ಹಳ್ಳಗಳ ನೀರು ಬೆಣ್ಣಿಹಳ್ಳದ ಮೂಲಕ ಮಲಪ್ರಭೆಯನ್ನೂ, ಅಲ್ಲಿಂದ ಕೃಷ್ಣೆಯನ್ನೂ ಸೇರುತ್ತದೆ. ಕೈಗಾರಿಕಾ ಪ್ರದೇಶದ ಚರಂಡಿಗೆ ಬಿಟ್ಟ ಆಮ್ಲವು ಕೆಳಗಿನ ಊರುಗಳ ದನಕರುಗಳು ಕುಡಿಯುವ ಹಳ್ಳಕ್ಕೂ, ಎರೆಭೂಮಿಯ ಹೊಲಗಳಿಗೂ, ಕೊಳವೆಬಾವಿಗಳಿಗೂ ಮುಟ್ಟುತ್ತದೆ ಎಂಬುದನ್ನು ಅರ್ಜಿದಾರರು ನೆನಪಿಡತಕ್ಕದ್ದು.

ಪಿಕ್ಲಿಂಗ್ ತೊಟ್ಟಿಯಲ್ಲಿ ಕರಗಿದ ಕಬ್ಬಿಣವು ಹೆಚ್ಚಿದಂತೆ ಕ್ರಿಯೆ ನಿಧಾನವಾಗಿ, ಕೊನೆಗೆ ಆಮ್ಲವನ್ನು ಬದಲಿಸಬೇಕಾಗುತ್ತದೆ. ನಿರೋಧಕ ಬಳಸಿದಲ್ಲಿ ಕಬ್ಬಿಣ ನಿಧಾನವಾಗಿ ಸೇರುವುದರಿಂದ ಆಮ್ಲದ ಬಾಳಿಕೆ ಹೆಚ್ಚುತ್ತದೆ ಮತ್ತು ತ್ಯಾಜ್ಯ ಕಡಿಮೆಯಾಗುತ್ತದೆ. ಆದರೆ ಕೆಳಕಂಡ ಎರಡು ಅಂಶಗಳು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ.

ಮೊದಲನೆಯದು, ನಿರೋಧಕವು ಸಾವಯವ ವಸ್ತುವಾದ್ದರಿಂದ ತೊಳೆದ ನೀರಿನ ರಾಸಾಯನಿಕ ಆಮ್ಲಜನಕ ಬೇಡಿಕೆಯನ್ನು ಹೆಚ್ಚಿಸುತ್ತದೆ. ಪರಿಸರ ಸಂರಕ್ಷಣಾ ನಿಯಮಗಳು, 1986ರ ಸಾಮಾನ್ಯ ಮಾನಕಗಳ ಪ್ರಕಾರ ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿನಲ್ಲಿ ಈ ಬೇಡಿಕೆ ಲೀಟರಿಗೆ 250 ಮಿಲಿಗ್ರಾಂ, ಕಬ್ಬಿಣ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಪಿಎಚ್ ಮೌಲ್ಯ 5.5 ರಿಂದ 9.0ರೊಳಗಿರಬೇಕು. ಸಮ್ಮತಿ ಪತ್ರದಲ್ಲಿ ಇದಕ್ಕಿಂತ ಕಠಿಣ ಷರತ್ತು ಇದ್ದಲ್ಲಿ ಅದೇ ಅನ್ವಯವಾಗುತ್ತದೆ.

ಎರಡನೆಯದು, ಸುಣ್ಣದಿಂದ ತಟಸ್ಥಗೊಳಿಸಿದರೆ ಎಲ್ಲವೂ ಮುಗಿಯಿತೆಂಬ ತಿಳಿವಳಿಕೆ ಸರಿಯಲ್ಲ. 1 ಕಿಲೋಗ್ರಾಂ ಶುದ್ಧ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸುಮಾರು ಅಷ್ಟೇ ತೂಕದ ಅರಳಿದ ಸುಣ್ಣ ಬೇಕು. ಆಗ ಆಮ್ಲೀಯತೆ ಹೋಗುತ್ತದೆ, ಕಬ್ಬಿಣವು ಕೆಸರಾಗಿ ತಳಕ್ಕಿಳಿಯುತ್ತದೆ. ಆದರೆ ಕ್ಲೋರೈಡ್ ಎಲ್ಲವೂ ಕ್ಯಾಲ್ಸಿಯಂ ಕ್ಲೋರೈಡ್ ರೂಪದಲ್ಲಿ ನೀರಿನಲ್ಲೇ ಉಳಿಯುತ್ತದೆ. ಈ ಉಪ್ಪು ನೀರು ಹೊಲಕ್ಕಾಗಲೀ ಬಾವಿಗಾಗಲೀ ಯೋಗ್ಯವಲ್ಲ.

8. ಅರ್ಜಿದಾರರು ಪಾಲಿಸಬೇಕಾದ ಕ್ರಮಗಳು

1) ಪಿಕ್ಲಿಂಗ್, ವಿದ್ಯುಲ್ಲೇಪನ ಮತ್ತು ಗ್ಯಾಲ್ವನೈಸಿಂಗ್ ಚಟುವಟಿಕೆಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ವರ್ಗೀಕರಣದಲ್ಲಿ ಕೆಂಪು ವರ್ಗಕ್ಕೆ ಸೇರಿಸಲಾಗಿತ್ತು. ಘಟಕದ ನಿರ್ಮಾಣಕ್ಕೆ ಮೊದಲು ಸ್ಥಾಪನಾ ಸಮ್ಮತಿಯನ್ನೂ, ಉತ್ಪಾದನೆಗೆ ಮೊದಲು ಚಾಲನಾ ಸಮ್ಮತಿಯನ್ನೂ ಜಲ ಕಾಯಿದೆ, 1974 ಮತ್ತು ವಾಯು ಕಾಯಿದೆ, 1981ರ ಅಡಿಯಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪಡೆಯತಕ್ಕದ್ದು.

2) ಅರ್ಜಿಯ ರಾಸಾಯನಿಕಗಳ ಪಟ್ಟಿಯಲ್ಲಿ ಆಮ್ಲದೊಡನೆ ನಿರೋಧಕದ ಹೆಸರು, ತಿಂಗಳ ಬಳಕೆ ಮತ್ತು ಸಂಗ್ರಹ ಪ್ರಮಾಣವನ್ನು ನಮೂದಿಸಿ, ಸುರಕ್ಷತಾ ಮಾಹಿತಿ ಪತ್ರವನ್ನು ಲಗತ್ತಿಸುವುದು. ಪ್ರಮಾಣ ಅಲ್ಪವೆಂಬ ಕಾರಣಕ್ಕೆ ಕೈಬಿಡಬಾರದು.

3) ಬಳಸಿದ ಆಮ್ಲವು ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು, 2016ರ ಮೊದಲನೆಯ ಅನುಸೂಚಿಗೆ ಒಳಪಡುತ್ತದೆ. ಆದುದರಿಂದ ನಮೂನೆ 1ರಲ್ಲಿ ಅರ್ಜಿ ಸಲ್ಲಿಸಿ ಆಥರೈಸೇಷನ್ ಎಂಬ ಅನುಮತಿ ಪತ್ರವನ್ನು ಪಡೆಯತಕ್ಕದ್ದು. ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಸಂಗ್ರಹಿಸುವಂತಿಲ್ಲ. ನಮೂನೆ 3ರಲ್ಲಿ ದಾಖಲೆ ಇಡುವುದು. ನಮೂನೆ 4ರಲ್ಲಿ ವಾರ್ಷಿಕ ವಿವರವನ್ನು ಜೂನ್ 30ರೊಳಗೆ ಸಲ್ಲಿಸುವುದು. ಸಾಗಣೆಗೆ ನಮೂನೆ 10ರ ರವಾನೆ ಪತ್ರ ಕಡ್ಡಾಯ.

4) ಬಳಸಿದ ಆಮ್ಲವನ್ನು ಅನುಮತಿ ಪಡೆದ ಘಟಕ ಅಥವಾ ವಿಲೇವಾರಿ ಸೌಲಭ್ಯಕ್ಕೆ ಮಾತ್ರ ಕಳುಹಿಸತಕ್ಕದ್ದು. ಸದರಿ ಆಮ್ಲವನ್ನು ಶೌಚಾಲಯ ಸ್ವಚ್ಛಗೊಳಿಸುವ ದ್ರವವೆಂದು ಮಾರುವುದು ಅಥವಾ ದಾರಿಬದಿಯ ಹಳ್ಳಕ್ಕೆ ಸುರಿಯುವುದು ಕಾನೂನುಬಾಹಿರ.

5) ಬಾಯ್ಲರ್ ಅನ್ನು ಆಮ್ಲದಿಂದ ಸ್ವಚ್ಛಗೊಳಿಸುವ ಮೊದಲು ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಅಧಿಕಾರಿಗಳ ಸಲಹೆ ಪಡೆಯುವುದು. ನಿರೋಧಕಕ್ಕೆ ನಿಗದಿಪಡಿಸಿದ ತಾಪಮಿತಿಯನ್ನು ಮೀರಬಾರದು.

9. ಸುರಕ್ಷತೆ

ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕು. ಆಮ್ಲಕ್ಕೆ ನೀರನ್ನು ಸುರಿಯಬಾರದು. ಜಲಜನಕವು ಗಾಳಿಯಲ್ಲಿ ಶೇಕಡಾ 4 ರಿಂದ 75ರವರೆಗೆ ಇದ್ದಾಗ ಹೊತ್ತಿಕೊಳ್ಳಬಲ್ಲದು. ತೊಟ್ಟಿಯ ಬಳಿ ಬೀಡಿ, ಬೆಂಕಿ, ವೆಲ್ಡಿಂಗ್ ನಿಷಿದ್ಧ. ಮುಚ್ಚಿದ ಕೋಣೆಯಲ್ಲಿ ಪಿಕ್ಲಿಂಗ್ ನಡೆಸಬಾರದು. ಹಬೆಯನ್ನು ಎಳೆದು ತೊಳೆಯುವ ವ್ಯವಸ್ಥೆ ಇರತಕ್ಕದ್ದು. ಆಮ್ಲ ಮತ್ತು ಬ್ಲೀಚಿಂಗ್ ಪುಡಿಯನ್ನು ಒಂದೇ ಕಡೆ ಇಟ್ಟಲ್ಲಿ ಸೋರಿಕೆಯಾದಾಗ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಾರ್ಮಿಕರಿಗೆ ಆಮ್ಲನಿರೋಧಕ ಕೈಗವಸು, ಕನ್ನಡಕ, ಮುಂಗವಚ ಮತ್ತು ಬೂಟುಗಳನ್ನು ಮಾಲೀಕರೇ ಒದಗಿಸುವುದು. ಕಣ್ಣಿಗೆ ಆಮ್ಲ ಸಿಡಿದಲ್ಲಿ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು, 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡುವುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಿರೋಧಕ ಬಳಸಿದರೆ ಹಬೆ ನಿಯಂತ್ರಣ ವ್ಯವಸ್ಥೆ ಬೇಡವೇ?
ಉತ್ತರ: ಬೇಕು. ನಿರೋಧಕವು ಗುಳ್ಳೆಗಳಿಂದ ಏಳುವ ಮಂಜನ್ನು ಕಡಿಮೆ ಮಾಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವು ತಾನಾಗಿಯೇ ಆವಿಯಾಗುವುದನ್ನು ತಡೆಯುವುದಿಲ್ಲ.

ಪ್ರಶ್ನೆ: ನಿರೋಧಕವು ಮುಂದೆ ತುಕ್ಕು ಬರದಂತೆ ಕಾಪಾಡುತ್ತದೆಯೇ?
ಉತ್ತರ: ಇಲ್ಲ. ತೊಳೆದ ಉಕ್ಕು ತೇವದ ಗಾಳಿಯಲ್ಲಿ ಬೇಗನೆ ತುಕ್ಕು ಹಿಡಿಯುತ್ತದೆ. ಕೂಡಲೇ ಒಣಗಿಸಿ ಎಣ್ಣೆ, ಫಾಸ್ಫೇಟ್ ಪದರ ಅಥವಾ ಲೇಪವನ್ನು ಕೊಡಬೇಕು. ನಿರೋಧಕದ ಪದರ ಉಳಿದರೆ ಲೇಪವು ಸರಿಯಾಗಿ ಹಿಡಿಯದು. ಆದ್ದರಿಂದ ಚೆನ್ನಾಗಿ ತೊಳೆಯುವುದು ಅಗತ್ಯ.

ಪ್ರಶ್ನೆ: ಅವಧಿ ಮೀರಿದ ಔಷಧಿಗಳನ್ನು ನಿರೋಧಕವಾಗಿ ಬಳಸಬಹುದೇ?
ಉತ್ತರ: ಇದರ ಬಗ್ಗೆ ಪ್ರಯೋಗಾಲಯದ ಅಧ್ಯಯನಗಳು ನಡೆದಿವೆ. ಆದರೆ ಔಷಧಿಗಳು, ವಿಶೇಷವಾಗಿ ಪ್ರತಿಜೀವಕಗಳು, ತೊಳೆದ ನೀರಿನೊಡನೆ ಹೊರಹೋಗುವ ಅಪಾಯವಿದೆ. ಸಮ್ಮತಿ ಪತ್ರದಲ್ಲಿ ಸೇರದ ಯಾವುದೇ ವಸ್ತುವನ್ನು ತೊಟ್ಟಿಗೆ ಹಾಕಬಾರದು.

ಪ್ರಶ್ನೆ: ನಿರೋಧಕವನ್ನು ಬದಲಿಸಿದರೆ ತಿಳಿಸಬೇಕೇ?
ಉತ್ತರ: ತಿಳಿಸುವುದು ಸೂಕ್ತ. ಹೊಸ ವಸ್ತುವಿನಿಂದ ತ್ಯಾಜ್ಯನೀರಿನ ಗುಣ ಬದಲಾಗಬಹುದಾದ್ದರಿಂದ ಹೆಸರು ಮತ್ತು ಪ್ರಮಾಣಗಳನ್ನು ಮಂಡಳಿಯ ಧಾರವಾಡದ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ನೀಡಿ, ಸ್ವೀಕೃತಿಯನ್ನು ಕಡತದಲ್ಲಿ ಇಟ್ಟುಕೊಳ್ಳುವುದು.

ಸೂಚನೆ: ನಿಯಮಗಳು ಮತ್ತು ಶುಲ್ಕಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಜಾರಿಯಲ್ಲಿರುವ ಅಧಿಸೂಚನೆಗಳನ್ನು ಪರಿಶೀಲಿಸಿಕೊಳ್ಳಲು ಕೋರಲಾಗಿದೆ.